ಕಲ್ಲಿಗೆ ಹೇಳಿದ ಜಾಗ

ಹಡಗಲಿ
5-7-1981

ಉಚ್ಚಂಗೆಮ್ಮನವರಿಗೆ,

ನಿಮ್ಮ ಮನೆಗೆ ಬಂದು ಹೋಗಿ ಇಪ್ಪತ್ತು ದಿನವಾಯಿತು. ಊರು ಮುಟ್ಟಿದ ಮೇಲೆ ಒಂದು ಕಾಗದ ಹಾಕಬೇಕಿತ್ತು. ಹಾಕದಿದ್ದುದಕ್ಕೆ ಶಾಲೆ ಶುರುವಾದ ಗದ್ದಲ ಕಾರಣವೆಂದು ಹೇಳಬಹುದು. ಹೇಳಿದರೆ ನೀವು ನಂಬಲೂಬಹುದು.

ನಿಮ್ಮ ಊರಿನಲ್ಲೇ ಇರುವ ನಮ್ಮ ಅಕ್ಕ ಜಂಬಕ್ಕ ಓಣಿಯವರೊಬ್ಬರ ಕೈಯಿಂದ ಬರೆಸಿದ ಕಾಗದ ಬಂದಿದೆ. ಶ್ರಾವಣದ ಎರಡನೇ ಸೋಮವಾರ ಉಡಿಕೆ ಇಟ್ಟುಕೊಳ್ಳೋಣ, ಇಬ್ಬರಿಗೂ ಎರಡನೇ ಸಂಬಂಧ, ಹಂದರ ವಾಲಗ ಏನೂ ಬೇಡ, ಸೀರೆ ಉಡಿಸಿ ಹತ್ತು ಮಂದಿಗೆ ಊಟ ಹಾಕಿದರೆ ಮುಗಿಯಿತು ಎಂದಿದ್ದಾಳೆ. ನಿಮ್ಮ ತಾಯಿಯವರೂ ಒಪ್ಪಿದ್ದಾರಂತೆ. ಅದನ್ನು ಸ್ವಲ್ಪ ಮುಂದಕ್ಕೆ ಹಾಕಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ಶಾಲೆಯ ತಪಾಸಣೆ ಇದೆ. ಮೈಗೂ ಸ್ವಲ್ಪ ಹುಷಾರಿಲ್ಲ, ದಾವಣಗೆರೆಗೆ ಹೋಗಿ ತೋರಿಸಬೇಕಾಗಿದೆ. ಹೆಚ್ಚಿನದೇನಲ್ಲ.

ನನ್ನ ಹೆಂಡತಿ ಹುಲುಗಮ್ಮ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ನಾನೇ ಅಡಿಗೆ ಮಾಡಿಕೊಂಡು ಇದ್ದೇನೆ. ಒಬ್ಬನೇ ಇರುವವನಿಗೆ ತನ್ನ ಮೈಯೆನ್ನುವುದು ಸಾಮಾನು ತುಂಬಿದ ಕೋಣೆಯ ಹಾಗೆ. ಏನಾದರೂ ಬೇಕಾದಾಗ ಮಾತ್ರ ಬಾಗಿಲು ತೆಗೆಯುತ್ತಾನೆ. ಇದನ್ನು ಯಾಕೆ ಬರೆದೆನೋ ತಿಳಿಯದು.

ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ಗಾಳೆಪ್ಪ


ಕಲ್ಲಹಳ್ಳಿ, ಉಜ್ಜಿನಿ ಅಂಚೆ
14-7-1981

ಮಾಸ್ತರರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎಷ್ಟು ದಿನ ಮುಂದಕ್ಕೆ ಎಂಬುದು ಎರಡು ಸಲವೂ ಸಿಗಲಿಲ್ಲ.

ನಿಮಗೆ ಯಾರೋ ನನ್ನ ವಿಷಯ ಹೇಳಿರಬೇಕು. ಅರ್ಧ ಹೇಳಿರುತ್ತಾರೆ, ಉಳಿದದ್ದು ನನ್ನಿಂದಲೇ ಕೇಳಿ. ಮೊದಲ ಗಂಡ ಹರಪನಹಳ್ಳಿಯವನು, ಲಾರಿ ಓಡಿಸುತ್ತಿದ್ದ. ಆರು ವರ್ಷ ಬಾಳಿದೆ, ಮಕ್ಕಳಾಗಲಿಲ್ಲ. ಅವನು ಇನ್ನೊಬ್ಬಳನ್ನು ತಂದ. ನಾನು ತವರಿಗೆ ಬಂದು, ತರಬೇತಿ ಮುಗಿಸಿ, ಈ ಉಪಕೇಂದ್ರದಲ್ಲಿ ನರ್ಸಮ್ಮ ಆದೆ. ಬಳ್ಳಾರಿಯಲ್ಲಿ ತೋರಿಸಿಕೊಂಡಿದ್ದೇನೆ. ನನ್ನಲ್ಲಿ ದೋಷ ಕಾಣುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಅವನು ತೋರಿಸಿಕೊಳ್ಳಲಿಲ್ಲ, ಗಂಡಸಾದವನು ಯಾಕೆ ತೋರಿಸಿಕೊಳ್ಳಬೇಕು ಎಂದ. ಊರಲ್ಲಿ ಬಂಜೆ ಎಂಬ ಹೆಸರು ಉಳಿದದ್ದು ನನಗೆ.

ನನಗೀಗ ಮೂವತ್ತನಾಲ್ಕು. ಈ ಕೆಲಸದಲ್ಲಿ ಮುನ್ನೂರರ ಮೇಲೆ ಹೆರಿಗೆ ಮಾಡಿಸಿದ್ದೇನೆ. ನನಗೂ ಒಂದು ಮಗು ಬೇಕು. ಇಷ್ಟು ನೇರವಾಗಿ ಬರೆಯಬಾರದೇನೋ, ಆದರೆ ಉಡಿಕೆಗೆ ನಾನು ಒಪ್ಪಿದ್ದರಲ್ಲಿ ಅದೂ ಸೇರಿದೆ. ಮುಚ್ಚಿಟ್ಟು ಬರಲು ಮನಸ್ಸಿಲ್ಲ.

ನಿನ್ನೆ ಜಂಬಕ್ಕ ಬಂದಿದ್ದರು. “ನಮ್ಮ ಗಾಳೆಪ್ಪಗ ಮೈಮ್ಯಾಗ ನರಹುಲಿ ಎದ್ದಾವಂತ. ಅಷ್ಟಕ್ಕ ದಾವಣಗೇರಿತನಕ ಹೊಂಟಾನ ನೋಡವ್ವ, ಓದಿದ್ದು ಹೆಚ್ಚಾಗೈತಿ ಅವಂಗ” ಎಂದು ನಕ್ಕರು. ನಮ್ಮ ಊರ ಹೊರಗೆ ಉಪ್ಪಿನ ಕಲ್ಲು ಎಂದಿದೆ. ನರಹುಲಿ ಎದ್ದವರ ಹೆಸರಿನಲ್ಲಿ ಅಲ್ಲಿ ಉಪ್ಪು ಹಾಕಿದರೆ, ಮಳೆಗೆ ಉಪ್ಪು ಕರಗಿದ ಹಾಗೆ ನರಹುಲಿಯೂ ಕರಗುತ್ತದೆ ಎಂದು ಇಲ್ಲಿಯವರ ನಂಬಿಕೆ. ಜಂಬಕ್ಕ ನಿಮ್ಮ ಹೆಸರಿನಲ್ಲಿ ಆ ಹರಕೆ ಹೊತ್ತಾಗಿದೆ.

ಸುಣ್ಣದ ಕಡ್ಡಿ ಹಿಡಿಯುವ ಕೈ, ಬೆರಳಿಗೆ ಎದ್ದಿರಬೇಕು. ಅದಕ್ಕಾಗಿ ಯಾರೂ ಉಡಿಕೆ ಮುಂದಕ್ಕೆ ಹಾಕುವುದಿಲ್ಲ. ಆದ್ದರಿಂದ ಕಾರಣ ನಾನೇ ಇರಬೇಕು. ಹಾಗಿದ್ದರೆ ಹಾಗೆಂದೇ ಬರೆಯಿರಿ. ನನಗೆ ಹೊಸದಲ್ಲ.

ಉಚ್ಚಂಗೆಮ್ಮ


ಹಡಗಲಿ
22-7-1981

ಉಚ್ಚಂಗೆಮ್ಮನವರಿಗೆ,

ಕಾರಣ ನೀವಲ್ಲ. ಈ ಒಂದು ಮಾತಿಗಾಗಿ ಐದು ಸಲ ಕಾಗದ ಬರೆದು ಹರಿದೆ. ನಿಮ್ಮ ಮೇಲೆ ಆ ಅನುಮಾನ ನಿಂತಿರುವಷ್ಟು ದಿನ ನನ್ನ ಗುಟ್ಟು ಸುರಕ್ಷಿತವಾಗಿ ಇರುತ್ತದಲ್ಲ ಎಂದು ಒಂದು ಗಳಿಗೆ ಹೊಳೆದದ್ದೂ ನಿಜ. ಅದು ಹೊಳೆದ ಮೇಲೆ ಬರೆಯದೆ ವಿಧಿಯಿರಲಿಲ್ಲ.

ನರಹುಲಿ ಕೈಬೆರಳಿಗೆ ಎದ್ದಿಲ್ಲ. ಗುಪ್ತಸ್ಥಾನದಲ್ಲಿ ಎದ್ದಿವೆ. ಮೂರು ತಿಂಗಳ ಹಿಂದೆ ಸ್ನಾನ ಮಾಡುವಾಗ ಒಂದು ಕೈಗೆ ಸಿಕ್ಕಿತು, ಈಗ ನಾಲ್ಕು ಆಗಿವೆ. ನೋವಿಲ್ಲ. ನೋವಿದ್ದಿದ್ದರೆ ರೋಗವೆಂದುಕೊಂಡು ಮಲಗಬಹುದಿತ್ತು. ಹೋದ ಶನಿವಾರ ದಾವಣಗೆರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಪರದೆ ಎಳೆದು, ಬ್ಯಾಟರಿ ಹಾಕಿ ನೋಡಿದರು. ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನ ಹಳೆಯ ವಿದ್ಯಾರ್ಥಿಯಾಗಿರಬಹುದಾದ ವಯಸ್ಸು. “ಹೆಂಗಸರ ಸಂಪರ್ಕದಿಂದ ಬರೋದು ಇರಬಹುದು, ಅಲ್ಲದೆಯೂ ಇರಬಹುದು. ಹೊರಗೆ ಹೋಗಿದ್ದಿರೇನ್ರಿ?” ಎಂದು ಕೇಳಿದರು. ಹೊರಗೆ ಎಂಬ ಮಾತು ಪರವೂರಿನ ಪ್ರಯಾಣದ ವಿಷಯ ಕೇಳಿದ ಹಾಗಿತ್ತು. ಹೌದೆಂದೆ. ಬೇರೆ ದೊಡ್ಡ ರೋಗ ಇದೆಯೋ ಎಂದು ನೋಡಲು ರಕ್ತ ತೆಗೆದುಕೊಂಡಿದ್ದಾರೆ.

ಎರಡು ವರ್ಷದ ಕೆಳಗೆ ಪರೀಕ್ಷೆಯ ಮೌಲ್ಯಮಾಪನಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ದಿನಕ್ಕೆ ನಲವತ್ತು ಪತ್ರಿಕೆ. ಸಂಜೆಯಾದರೆ ಮಾಸ್ತರುಗಳಿಗೆ ತಾವು ಯಾರೆಂಬುದು ಮರೆತು ಹೋಗುತ್ತದೆ. ಮರುವರ್ಷವೂ ಹೋದೆ. ಒಟ್ಟು ಎರಡು ಸಲ. ಹೋದ ಮನೆಯ ಹೆಂಗಸಿನ ಹೆಸರು ಕೇಳಲಿಲ್ಲ. ಅವಳೂ ನನ್ನದು ಕೇಳಲಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ಕ್ಷಮೆ ಕೇಳಿದ ಹಾಗಾಗುತ್ತದೆ. ನಿಮ್ಮಲ್ಲಿ ಅದನ್ನು ಕೇಳುವಷ್ಟು ಪರಿಚಯ ನನಗಿಲ್ಲ.

ಯಾಕೆ ದಾವಣಗೆರೆಗೆ ಎಂದು ಜಂಬಕ್ಕ ಕೇಳಿದಾಗ ನರಹುಲಿ ಎಂದಷ್ಟೇ ಹೇಳಿದ್ದೆ. ಸುಳ್ಳು ಹೇಳಲಿಲ್ಲ ಎಂಬ ಸಮಾಧಾನಕ್ಕೆ. ಸಾಧ್ಯವಾದರೆ ಆ ಉಪ್ಪಿನ ಹರಕೆಯನ್ನು ತಪ್ಪಿಸಿ. ಅವಳಿಗೆ ಏನೂ ಹೇಳಬೇಡಿ. ಈ ಕಾಗದವನ್ನು ಒಲೆಗೆ ಹಾಕಿ.

ಗಾಳೆಪ್ಪ


ಹಡಗಲಿ
18-8-1981

ಉಚ್ಚಂಗೆಮ್ಮನವರಿಗೆ,

ನಾಲ್ಕು ವಾರವಾಯಿತು. ಅಂಚೆಯವನು ಶಾಲೆಗೇ ಬಂದು ಕಾಗದ ಕೊಡುತ್ತಾನೆ. ಅವನು ಹೆಡ್‌ಮಾಸ್ತರರ ಕೋಣೆಗೆ ಹೋಗಿ ಹೊರಗೆ ಬರುವವರೆಗೆ ನಾನು ಹಲಗೆಯ ಮೇಲೆ ಏನು ಬರೆಯುತ್ತೇನೆಂದು ನನಗೇ ತಿಳಿಯುವುದಿಲ್ಲ. ಹುಡುಗರು ಅದನ್ನೇ ಬರೆದುಕೊಳ್ಳುತ್ತಾರೆ.

ನಿಮ್ಮ ಮೌನ ನನಗೆ ಅರ್ಥವಾಗಿದೆ. ಎರಡನೇ ಸೋಮವಾರ ಕಳೆದು ಹೋಯಿತು, ಅದೂ ಒಂದು ಉತ್ತರವೇ. ನೀವು ನಿಮ್ಮ ಮನೆಯಲ್ಲಿ ಏನೂ ವಿವರಿಸುವ ಅಗತ್ಯವಿಲ್ಲ. ಮಾಸ್ತರರೇ ಬೇಡವೆಂದರು ಎಂದು ಹೇಳಿಬಿಡಿ.

ರಕ್ತದಲ್ಲಿ ಏನೂ ಸಿಕ್ಕಿಲ್ಲ. ನರಹುಲಿ ಗಂಟುಗಳಿಗೆ ಕಂದು ಬಣ್ಣದ ಔಷಧಿ ಹಚ್ಚಿ ಕಳಿಸಿದರು, ನಾಲ್ಕು ತಾಸಿಗೆ ಸರಿಯಾಗಿ ತೊಳೆಯಬೇಕೆಂದು. ಬರುವಾಗ ಹರಪನಹಳ್ಳಿ ಕಡೆಯ ಅರಸೀಕೆರೆ ಹತ್ತಿರ ಬಸ್ಸು ಕೆಟ್ಟು ನಿಂತಿತು. ಉಳಿದವರೆಲ್ಲ ಇಳಿದು ನೆರಳು ಹುಡುಕಿದರು. ನಾನು ಗಡಿಯಾರ ನೋಡುತ್ತಾ, ಯಾವನಾದರೂ ರೈತ ತನ್ನ ಪಂಪ್‌ಸೆಟ್ಟಿನ ಬಳಿ ಏಕಾಂತ ಕೊಟ್ಟಾನೇ ಎಂದು ಹೊಲಗಳನ್ನು ನೋಡಿದೆ. ಆರು ತಾಸಾಯಿತು. ಸುಟ್ಟು ಹೋಗಿ ಎಂಟು ದಿನ ನಿಂತುಕೊಂಡೇ ಪಾಠ ಮಾಡಿದೆ. ಶಿಸ್ತಿನ ಮಾಸ್ತರರು ಎಂದು ತಪಾಸಣೆಗೆ ಬಂದವರು ಬರೆದು ಹೋದರು.

ಗಾಳೆಪ್ಪ


ಕಲ್ಲಹಳ್ಳಿ
30-8-1981

ಮಾಸ್ತರರಿಗೆ,

ಮೌನ ನಿಮಗೆ ಅರ್ಥವಾಗಿದೆ ಎಂದು ಬರೆದಿದ್ದೀರಿ. ನನಗೇ ಆಗಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಎರಡು ದಿನ ಸಿಟ್ಟು, ಮೂರನೇ ದಿನ ಕುಟುಂಬ ಯೋಜನೆಯ ಕ್ಯಾಂಪು. ಅಲ್ಲಿಗೆ ಬಂದಿದ್ದ ಡಾಕ್ಟರನ್ನು ಒಬ್ಬ ಪೇಷಂಟಿನ ವಿಷಯವೆಂದು ಕೇಳಿದೆ. ಹೆಂಗಸಿಗೂ ಅಂಟಬಹುದು, ಬಸುರಿನಲ್ಲಿ ಹೆಚ್ಚಾಗಬಹುದು, ಗಂಟು ಹೋದ ಮೇಲೂ ಒಂದು ವರ್ಷ ನಿರೋಧ್ ಇಲ್ಲದೆ ಕೂಡಬಾರದು ಎಂದರು. ಮನೆಮನೆಗೆ ನಿರೋಧ್ ಹಂಚುವವಳು ನಾನೇ. ಒಂದು ವರ್ಷ ಎಂದು ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಹೇಳಿದ್ದೇನೆ ಎಂದು ನೆನಪಾಯಿತು.

ಹರಕೆ ತಪ್ಪಿಸಿ ಎಂದಿರಿ. ಆಗಲಿಲ್ಲ. ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಮೂರನೇ ಸೋಮವಾರ ಜಂಬಕ್ಕ, ನನ್ನ ತಾಯಿ, ಎದುರುಮನೆ ಪಕ್ಕೀರಮ್ಮ, ಇನ್ನೂ ಮೂರು ಮಂದಿ ಸೇರಿ ನನ್ನ ಉಡಿಯಲ್ಲಿ ಕಲ್ಲುಪ್ಪು ಕಟ್ಟಿ ಕರೆದುಕೊಂಡು ಹೋದರು. ನರಹುಲಿ ಎದ್ದವನ ಮನೆ ತುಂಬಲಿರುವ ಹೆಂಗಸೇ ಉಪ್ಪು ಹಾಕಬೇಕಂತೆ. ಅಷ್ಟೇ ಆಗಿದ್ದರೆ ಹಾಕಿ ಬರುತ್ತಿದ್ದೆ. ಕಲ್ಲಿನ ಮೇಲೆ ಕೈಯಿಟ್ಟು, ಯಾರಿಗೆ ಎದ್ದಿದೆ, ಎಲ್ಲಿ ಎದ್ದಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಂತೆ. ಹೇಳದಿದ್ದರೆ ಕಲ್ಲಿಗೆ ತಿಳಿಯುವುದಿಲ್ಲ. ತಪ್ಪು ಹೇಳಿದರೆ ಹೇಳಿದವಳಿಗೇ ಅದೇ ಜಾಗದಲ್ಲಿ ಏಳುತ್ತದಂತೆ. ಎಲ್ಲಿ ಎಂದು ಜಂಬಕ್ಕನನ್ನು ಕೇಳಿದರೆ, “ನನಗೇನ್ ಗೊತ್ತು, ಅವ ಎಂದಾರ ಪೂರಾ ಮಾತು ಆಡ್ಯಾನೇನು?” ಎಂದರು.

“ಇನ್ನಾ ಸೀರಿ ಉಟ್ಟಿಲ್ಲ, ಅಕಿಗೆ ಹೆಂಗ ಗೊತ್ತಿರಬೇಕು?” ಎಂದು ನನ್ನ ತಾಯಿ ನನ್ನ ಪರವಾಗಿ ಹೇಳಿದಳು.

ಪಕ್ಕೀರಮ್ಮ ಬಿಡಲಿಲ್ಲ. “ನರ್ಸಮ್ಮ ಅದಾಳವ್ವ, ಅಕಿ ನೋಡದ ಜಾಗಾ ಯಾವ್ದೈತಿ? ಹೇಳಲೇ ಉಚ್ಚಂಗಿ, ಜೋರಾಗಿ ಹೇಳು, ಕಲ್ಲಿಗೆ ಕಿವಿ ಮಂದ.”

ಎಲ್ಲರೂ ನಕ್ಕರು. ಮಾಸ್ತರೇ, ನನಗೂ ನಗು ಬಂತು. ಸೆರಗು ಬಾಯಿಗಿಟ್ಟು ನಕ್ಕೆ. ಅವರು ನಾಚಿಕೆ ಎಂದುಕೊಂಡರು. ಆಮೇಲೆ ಕಲ್ಲಿನ ಮೇಲೆ ಕೈಯಿಟ್ಟು “ಗಾಳೆಪ್ಪ ಮಾಸ್ತರರು, ಎಡಗೈ ಹೆಬ್ಬೆರಳು” ಎಂದು ಹೇಳಿ ಉಪ್ಪು ಸುರಿದೆ. ನನಗೆ ಕಲ್ಲಿನಲ್ಲಿ ನಂಬಿಕೆಯಿಲ್ಲ. ಆದರೂ ಆ ಹೊತ್ತಿನಿಂದ ದಿನಾ ಬೆಳಿಗ್ಗೆ ನನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ.

ಒಂದು ಪ್ರಶ್ನೆ. ಹುಲುಗಮ್ಮನವರು ಬದುಕಿದ್ದಾಗ ಇದು ಇತ್ತೇ? ಅವರಿಗೆ ಇತ್ತೇ? ಡಾಕ್ಟರು ಹೇಳುವ ಪ್ರಕಾರ ಯಾವಾಗ ಅಂಟಿತು ಎಂದು ಹೇಳಲು ಬರುವುದಿಲ್ಲ. ಹುಬ್ಬಳ್ಳಿಯೇ ಎಂದು ನೀವು ತೀರ್ಮಾನ ಮಾಡಿದ್ದೀರಿ. ನೀವು ಬೇಡವೆಂದಿರಿ ಎಂದು ನಾನು ಯಾರಿಗೂ ಹೇಳಿಲ್ಲ. ಬೇಕೆಂದೂ ಹೇಳಿಲ್ಲ.

ಉಚ್ಚಂಗೆಮ್ಮ


ಹಡಗಲಿ
9-9-1981

ಉಚ್ಚಂಗೆಮ್ಮನವರಿಗೆ,

ನಿಮ್ಮ ಪ್ರಶ್ನೆಗೆ ಗೊತ್ತಿಲ್ಲ ಎಂಬುದೇ ಉತ್ತರ. ಅವಳು ಬದುಕಿದ್ದಾಗ ನನ್ನಲ್ಲಿ ಕಾಣಿಸಿರಲಿಲ್ಲ. ಅವಳಲ್ಲಿ ಇತ್ತೋ ಏನೋ. ಹನ್ನೊಂದು ವರ್ಷ ಸಂಸಾರ ಮಾಡಿದೆವು, ನಾನು ಅವಳನ್ನು ಬೆಳಕಿನಲ್ಲಿ ನೋಡಿದವನಲ್ಲ. ಅವಳು ಏನನ್ನೂ ಹೇಳುವವಳಾಗಿರಲಿಲ್ಲ, ನಾನು ಕೇಳುವವನಾಗಿರಲಿಲ್ಲ. ಕೊನೆಗೆ ಜ್ವರ ಮೂರು ದಿನದ್ದೆಂದು ತಿಳಿದದ್ದೂ ಆಸ್ಪತ್ರೆಯವರು ಅವಳನ್ನು ಕೇಳಿದಾಗಲೇ. ಒಳ್ಳೆಯ ಸಂಸಾರ ಎಂದು ಎಲ್ಲರೂ ಹೇಳುತ್ತಿದ್ದರು. ಜಗಳವಿರಲಿಲ್ಲ, ನಿಜ.

ಹೋದ ಭಾನುವಾರ ಹೇಳದೆ ಕೇಳದೆ ಜಂಬಕ್ಕ ಬಂದಳು. ಚೀಲ ಇಳಿಸುವ ಮೊದಲೇ ನನ್ನ ಎಡಗೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಿಮ್ಮ ಕಾಗದ ಮೊದಲೇ ಬಂದಿದ್ದರಿಂದ ಕೈಯನ್ನು ಅವಳಿಗೆ ಬಿಟ್ಟುಕೊಟ್ಟು ಸುಮ್ಮನೆ ನಿಂತೆ.

“ನೋಡಿದ್ಯಾ? ಗುರ್ತು ಸೈತ ಇಲ್ಲದಂಗ ಉದುರಿ ಹೋಗ್ಯಾವ. ಅಕಿ ಕೈಗುಣ ಅಂದ್ರ ಕೈಗುಣ” ಎಂದಳು. ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಏನೂ ಇಲ್ಲದ ಬೆರಳನ್ನು ನಾಲ್ಕು ಜನ ನೋಡಿ ಹೌದೆಂದರು. ಹಿಂದಿನ ದಿನವಷ್ಟೇ ಮೂರನೇ ಸಲ ದಾವಣಗೆರೆಗೆ ಹೋಗಿ ತೋರಿಸಿಕೊಂಡು ಬಂದಿದ್ದೆ. ಗಂಟು ಪೂರ್ತಿ ಹೋಗಿವೆ, ಮತ್ತೆ ಬರಬಹುದು, ಬಾರದೆಯೂ ಇರಬಹುದು, ವರ್ಷ ಎಚ್ಚರ ಎಂದು ಡಾಕ್ಟರು ಹೇಳಿದ್ದಾರೆ. ಕೊನೆಗೂ ಅದೇ ರೋಗವೇ ಎಂದು ಕೇಳಿದೆ. ಇರಬಹುದು ಎಂದರು. ಈ ‘ಇರಬಹುದು’ ಎಂಬುದರ ಜೊತೆಗೇ ಇನ್ನು ಬಾಳಬೇಕು. ನನಗೆ ಅಡ್ಡಿಯಿಲ್ಲ, ನಾನು ಅಂಥದ್ದರಲ್ಲೇ ಇದ್ದವನು. ನಿಮಗೆ ಯಾಕೆ ಎಂಬುದೇ ತಿಳಿಯುವುದಿಲ್ಲ. ನಿಮ್ಮ ಒಂದು ವರ್ಷಕ್ಕೆ ನನ್ನ ಒಂದು ವರ್ಷ ಸಮನಲ್ಲ.

ಗಾಳೆಪ್ಪ


ಕಲ್ಲಹಳ್ಳಿ
27-9-1981

ಮಾಸ್ತರರಿಗೆ,

ನನಗೆ ಯಾಕೆ ಎಂದು ನಾನೂ ಯೋಚಿಸಿದೆ. ದೊಡ್ಡ ಕಾರಣ ಏನೂ ಸಿಗಲಿಲ್ಲ. ನನ್ನ ಮೊದಲ ಗಂಡ ಆರು ವರ್ಷದಲ್ಲಿ ಹೇಳದ್ದನ್ನು ನೀವು ಎರಡನೇ ಕಾಗದದಲ್ಲಿ ಹೇಳಿದಿರಿ. ಮೊದಲನೆಯದರಲ್ಲೇ ಹೇಳಬೇಕಿತ್ತು. ಹುಬ್ಬಳ್ಳಿಯ ವಿಷಯಕ್ಕೆ ನನಗೆ ಸಿಟ್ಟಿಲ್ಲ. ಅಕ್ಕನಿಗೆ ಅರ್ಧ ಮಾತು, ನನಗೆ ತಪಾಸಣೆಯ ನೆಪ ಕೊಟ್ಟಿರಿ, ಉಳಿದರ್ಧ ಹೊತ್ತುಕೊಂಡು ಆರು ಹೆಂಗಸರ ನಡುವೆ ನಿಂತವಳು ನಾನು. ಸಿಟ್ಟು ಅದಕ್ಕೆ.

ವರ್ಷದ ಮಾತಿಗೆ ಬರುತ್ತೇನೆ. ಕಾಯುವುದಾದರೆ ಎರಡು ಊರಲ್ಲಿ ಕಾಯುವುದೂ ಒಂದೇ, ಒಂದು ಮನೆಯಲ್ಲಿ ಕಾಯುವುದೂ ಒಂದೇ. ಆದರೆ ಉಡಿಕೆಯಾದ ನಾಲ್ಕನೇ ತಿಂಗಳಿಗೆ ಎಲ್ಲರೂ ನನ್ನ ಹೊಟ್ಟೆ ನೋಡಲು ಶುರು ಮಾಡುತ್ತಾರೆ. ಲಾರಿಯವನ ಮನೆಯಲ್ಲಿ ಆಗಲಿಲ್ಲ, ಇಲ್ಲೂ ಆಗಲಿಲ್ಲ ಎನ್ನುತ್ತಾರೆ. ಮೊದಲು ಹೇಳುವವರು ಜಂಬಕ್ಕನೇ. ಆ ಮಾತನ್ನು ಆರು ವರ್ಷ ಹೊತ್ತಿದ್ದೇನೆ, ಇನ್ನೊಂದು ವರ್ಷ ಹೊರುವ ಶಕ್ತಿ ನನಗಿಲ್ಲ. ಹೊತ್ತರೆ ನಿಮ್ಮನ್ನು ದ್ವೇಷಿಸುತ್ತೇನೆ, ಅದು ನನಗೆ ಈಗಲೇ ಕಾಣುತ್ತದೆ.

ಆದ್ದರಿಂದ ನೀವು ಬಂದು ಜಂಬಕ್ಕನಿಗೆ ಹೇಳಬೇಕು. ಕಾಗದದಲ್ಲಿ ಬೇಡ, ಅದನ್ನು ಓದಿ ಹೇಳುವವರು ಬೇರೆಯವರು. ಎಲ್ಲಿ, ಹೇಗೆ ಎಂಬುದನ್ನು ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಂದು ವರ್ಷ ಮಕ್ಕಳು ಬೇಡವೆಂದು ಡಾಕ್ಟರು ಹೇಳಿರುವುದು ನಿಮಗೆ, ನಿಮ್ಮ ಕಾಯಿಲೆಗಾಗಿ, ನನಗಲ್ಲ ಎಂಬುದನ್ನು ನಿಮ್ಮ ಬಾಯಿಂದಲೇ ಹೇಳಬೇಕು. ಹೇಳಿದ ಮೇಲೆ ದಿನ ನೋಡೋಣ. ಆಗದಿದ್ದರೆ ಬರಬೇಡಿ, ಕಾಗದವನ್ನೂ ಬರೆಯಬೇಡಿ. ನಿಮ್ಮ ಕಾಗದಗಳು ಚೆನ್ನಾಗಿರುತ್ತವೆ. ಅವನ್ನು ಓದಿದರೆ ನೀವು ಏನೋ ಮಾಡಿದಿರಿ ಎಂದು ನನಗೆ ಅನ್ನಿಸಿಬಿಡುತ್ತದೆ.

ಉಚ್ಚಂಗೆಮ್ಮ


ಹಡಗಲಿ
11-10-1981

ಉಚ್ಚಂಗೆಮ್ಮನವರಿಗೆ,

ನಿನ್ನೆ ನಿಮ್ಮ ಊರಿಗೆ ಬಂದಿದ್ದೆ. ನೀವು ಕೊಟ್ಟೂರಿಗೆ ಮೀಟಿಂಗಿಗೆ ಹೋಗಿದ್ದೀರಿ ಎಂದು ಉಪಕೇಂದ್ರದಲ್ಲಿ ಹೇಳಿದರು. ನೀವು ಇಲ್ಲವೆಂದು ತಿಳಿದಾಗ ಮೊದಲು ಹಿಂತಿರುಗುವ ಬಸ್ಸಿನ ಹೊತ್ತು ಕೇಳಿದೆ. ಮುಂದಿನದಕ್ಕೆ ಎರಡು ತಾಸು ಇತ್ತು. ಆ ಎರಡು ತಾಸು ಇರದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಜಂಬಕ್ಕ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನಾನೂ ಕುಳಿತು ಬಿಡಿಸತೊಡಗಿದೆ. ನೀವು ಹೇಳಿದಷ್ಟೇ ಹೇಳಬೇಕೆಂದುಕೊಂಡಿದ್ದೆ. ಬಾಯಿ ತೆರೆದ ಮೇಲೆ ಹುಬ್ಬಳ್ಳಿಯೂ ಬಂತು, ಜಾಗವೂ ಬಂತು. ಅವಳ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಕೇಳಿದಳು:

“ಅಕಿಗೆ ಗೊತ್ತೈತೇನು?”

“ಗೊತ್ತೈತಿ.”

“ಎಂದಿನಿಂದ?”

“ಉಪ್ಪು ಹಾಕೋಕಿಂತ ಮೊದಲ.”

ಆಗ ಅವಳ ಕೈ ನಿಂತಿತು. ಎದ್ದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಅಪ್ಪ ತೀರಿದಾಗಿನಿಂದ ನನ್ನನ್ನು ಓದಿಸಿದವಳು ಅವಳು, ನೀರನ್ನೂ ಕೇಳದೆ ಕಳಿಸಿದ್ದು ಇದೇ ಮೊದಲು. ಬಸ್ಸಿಗೆ ಹೊರಡುವಾಗ ಒಳಗಿನಿಂದಲೇ, “ದೀಪಾವಳಿ ಆದ ಮ್ಯಾಲಿನ ಗುರುವಾರ ನೋಡ್ರಿ, ಅಕಿ ಹೂಂ ಅಂದ್ರ” ಎಂದಳು. ನನಗೆ ಅವಳು ಬಹುವಚನ ಹಚ್ಚಿ ಮಾತಾಡಿದ್ದೂ ಇದೇ ಮೊದಲು.

ಬರೆಯಬೇಡಿ ಎಂದಿದ್ದಿರಿ. ಹೇಳಿಯಾದ ಮೇಲೆ ಬರೆದಿದ್ದೇನೆ.

ಗಾಳೆಪ್ಪ


ಕಲ್ಲಹಳ್ಳಿ
18-10-1981

ಮಾಸ್ತರರಿಗೆ,

ಕಾಗದ ಮುಟ್ಟಿತು. ನೀವು ಬಂದು ಹೋದ ಸುದ್ದಿ ಅದಕ್ಕಿಂತ ಮೊದಲೇ ಮುಟ್ಟಿತ್ತು.

ಬುಧವಾರ ಜಂಬಕ್ಕ ನಮ್ಮ ಮನೆಗೆ ಬಂದಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಕೊಟ್ಟ ಚಹಾ ಕುಡಿದು, ನನ್ನ ತಾಯಿಯ ಮೊಣಕಾಲಿನ ವಿಷಯ ಮಾತಾಡಿ ಎದ್ದರು. ಹೊರಗೆ ಕಟ್ಟೆಯ ಮೇಲೆ ಪಕ್ಕೀರಮ್ಮ ಮತ್ತು ಇನ್ನಿಬ್ಬರು ಕುಳಿತಿದ್ದರು. ಪಕ್ಕೀರಮ್ಮ ಎಂದಿನ ಹಾಗೆ, ಮುಂದಿನ ವರ್ಷದ ದೀಪಾವಳಿಗೆ ತೊಟ್ಟಿಲು ಕಟ್ಟೋಣೇನು ಜಂಬಕ್ಕ ಎಂದು ಕೇಳಿದಳು. ಜಂಬಕ್ಕ ಚಪ್ಪಲಿ ಮೆಟ್ಟಿಕೊಂಡು ನಿಂತರು.

“ವರ್ಷದ ಮಟ್ಟಿಗೆ ಆ ಮಾತು ಅಕಿನ್ನ ಯಾರೂ ಕೇಳಬ್ಯಾಡ್ರಿ. ಅದು ನಮ್ಮ ಹುಡುಗನ ಕಡೀಂದ ಐತಿ. ಅಕಿ ಕಡೀಂದ ಏನೂ ಇಲ್ಲ” ಎಂದು, ಓಣಿಯ ಆ ತುದಿಗೆ ಕೇಳುವ ಹಾಗೆ ಹೇಳಿ ನಡೆದುಬಿಟ್ಟರು. ಹೋಗುವಾಗ ಹಿಂತಿರುಗಿ ನೋಡಲಿಲ್ಲ. ಕಣ್ಣು ಒರೆಸಿಕೊಂಡರೋ, ಬಿಸಿಲಿಗೆ ಸೆರಗು ಎಳೆದುಕೊಂಡರೋ, ನಾನು ನಿಂತಲ್ಲಿಂದ ತಿಳಿಯಲಿಲ್ಲ.

ಗುರುವಾರ ಮಕ್ಕಳಿಗೆ ಚುಚ್ಚುಮದ್ದಿನ ದಿನ, ನನಗೆ ರಜೆ ಸಿಗುವುದಿಲ್ಲ. ಶುಕ್ರವಾರ ಬನ್ನಿ.

ಓಣಿಯಲ್ಲಿ ನಾಲ್ಕು ದಿನದಿಂದ ನಿಮ್ಮದೇ ಮಾತು. ಪಾಪ, ಮಾಸ್ತರರಿಗೆ ಗಂಡಸುತನವೇ ಇಲ್ಲವಂತೆ ಎಂದು ಮಾತಾಡಿಕೊಳ್ಳುತ್ತಿದ್ದಾರೆ. ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಉಚ್ಚಂಗೆಮ್ಮ